ಅಂಕ ಕಳಿಸುವುದೋ, ಬಿಡುವುದೋ: ಒಂದು ಪರೀಕ್ಷೆಯ ಇತಿಹಾಸ

ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವ ಮಕ್ಕಳು ನಮ್ಮ ಹೊರನಾಡ ಕನ್ನಡ ಕುಟುಂಬಗಳಲ್ಲಿ ಈಗ ಅಪರೂಪವಲ್ಲ. ಹಿಂದೆ ಎಂ.ಎಸ್. ಅಥವಾ ಪಿಎಚ್.ಡಿ.ಗೆಂದು ಹೋಗುವವರೇ ಹೆಚ್ಚಾಗಿದ್ದರು. ಈಗ ಹನ್ನೆರಡನೆಯ ತರಗತಿ ಮುಗಿಸಿದೊಡನೆ ಪದವಿ ವ್ಯಾಸಂಗಕ್ಕೇ ಹೊರಡುವವರೂ ಇದ್ದಾರೆ. ಅಂಥ ಮನೆಗಳಲ್ಲಿ ಅಕ್ಟೋಬರ್ ತಿಂಗಳಿಂದ ಜನವರಿಯವರೆಗೆ ಒಂದು ಪ್ರಶ್ನೆ ಊಟದ ತಟ್ಟೆಯ ಮುಂದೆಯೂ ಬಿಡದೆ ಕಾಡುತ್ತದೆ. ಅರ್ಜಿಯಲ್ಲಿ 'ಸ್ಯಾಟ್' ಎಂಬ ಪರೀಕ್ಷೆಯ ಅಂಕಗಳಿಗೆ ಒಂದು ಕಾಲಂ ಇರುತ್ತದೆ. ಅದನ್ನು ತುಂಬಿದರೂ ಸರಿ, ಬಿಟ್ಟರೂ ಸರಿ ಎಂದು ಎಷ್ಟೋ ಕಾಲೇಜುಗಳು ಹೇಳುತ್ತವೆ. ಮಗಳಿಗೆ 1600ಕ್ಕೆ 1420 ಬಂದಿದೆ, ಕಳಿಸೋಣವೇ? ಕಾಲೇಜಿನವರು ತಮ್ಮಲ್ಲಿ ಸೇರಿದವರ ಅಂಕ 1480ರಿಂದ 1560 ಎಂದು ಪ್ರಕಟಿಸಿದ್ದಾರೆ, ಬಿಡೋಣವೇ? ಕಳಿಸಿದರೆ ಕಡಿಮೆ ಎಂದಾರು. ಬಿಟ್ಟರೆ ಏನೋ ಮುಚ್ಚಿಟ್ಟಿದ್ದಾಳೆ ಎಂದಾರು.

ಈ ಇಕ್ಕಟ್ಟು ನಮಗೆ ಹೊಸದು. ನಮ್ಮ ದೇಶದಲ್ಲಿ ಪರೀಕ್ಷೆ ಇದ್ದರೆ ಬರೆಯಲೇಬೇಕು. ಇಲ್ಲದಿದ್ದರೆ ಅದರ ಮಾತೇ ಇಲ್ಲ. ಕರ್ನಾಟಕದ ಸಿ.ಇ.ಟಿ., ಜೆ.ಇ.ಇ., ನೀಟ್ ಇವಾವುವೂ 'ಇಷ್ಟವಿದ್ದರೆ ತೋರಿಸಿ' ಎನ್ನುವುದಿಲ್ಲ. ತಮಿಳುನಾಡು 2007ರಲ್ಲಿ ವೃತ್ತಿಶಿಕ್ಷಣದ ಪ್ರವೇಶ ಪರೀಕ್ಷೆ ಬೇಡವೆಂದಾಗ ಎಲ್ಲರಿಗೂ ಬೇಡವೆಂದಿತು. ಬರೆದ ಪರೀಕ್ಷೆಯ ಅಂಕವನ್ನು ತೋರಿಸುವ ಬಿಡುವ ಅಧಿಕಾರವನ್ನು ಹದಿನೇಳು ವರ್ಷದ ಹುಡುಗನ ಕೈಗೇ ಕೊಡುವ ಪದ್ಧತಿ ಹೇಗೆ ಹುಟ್ಟಿತು? ಅದನ್ನು ತಿಳಿದುಕೊಂಡರೆ ಕಾಲಂ ತುಂಬುವ ವಿಚಾರದಲ್ಲಿಯೂ ಸ್ವಲ್ಪ ಬೆಳಕು ದೊರೆಯುತ್ತದೆ ಎಂಬ ನಂಬಿಕೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ಪರೀಕ್ಷೆಗೆ ಮುಂಚೆ

ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಹಳೆಯ ಕಾಲೇಜುಗಳು ತಮ್ಮ ತಮ್ಮ ಪರೀಕ್ಷೆಗಳನ್ನು ತಾವೇ ನಡೆಸುತ್ತಿದ್ದವು. ಒಂದು ಕಾಲೇಜು ಕೇಳಿದ ಲ್ಯಾಟಿನ್ ಪಾಠ ಇನ್ನೊಂದಕ್ಕೆ ಬೇಡವಾಗಿತ್ತು. ಶಾಲೆಗಳ ಉಪಾಧ್ಯಾಯರಿಗೆ ಯಾವ ಹುಡುಗನನ್ನು ಯಾವುದಕ್ಕೆ ಸಿದ್ಧಪಡಿಸಬೇಕೆಂಬುದೇ ದೊಡ್ಡ ತಲೆನೋವಾಗಿತ್ತು. ಈ ಗೊಂದಲವನ್ನು ನೀಗಲು ಕೊಲಂಬಿಯದ ನಿಕೊಲಸ್ ಮರ್ರೆ ಬಟ್ಲರ್, ಹಾರ್ವರ್ಡಿನ ಚಾರ್ಲ್ಸ್ ಎಲಿಯಟ್ ಮೊದಲಾದವರ ಪ್ರಯತ್ನದಿಂದ 1900ರಲ್ಲಿ ಕಾಲೇಜ್ ಬೋರ್ಡ್ ಎಂಬ ಮಂಡಳಿ ಸ್ಥಾಪಿತವಾಯಿತು. 1901ರ ಜೂನ್ ತಿಂಗಳಲ್ಲಿ ಅದು ನಡೆಸಿದ ಮೊದಲ ಪರೀಕ್ಷೆಗೆ ಕುಳಿತವರು 973 ಮಂದಿ. ಅವು ಪ್ರಬಂಧರೂಪದ ವಿಷಯ ಪರೀಕ್ಷೆಗಳು. ಒಳ್ಳೆಯ ಖಾಸಗಿ ಶಾಲೆಯಲ್ಲಿ ಓದಿದವನಿಗೆ ಅವು ಸುಲಭವಾಗಿದ್ದವು. ಹಳ್ಳಿಯ ಸರ್ಕಾರಿ ಶಾಲೆಯವನಿಗೆ ಎಟುಕುತ್ತಿರಲಿಲ್ಲ.

ಆದರೂ ಪೂರ್ವ ಯುರೋಪಿನಿಂದ ವಲಸೆ ಬಂದ ಯೆಹೂದಿ ಕುಟುಂಬಗಳ ಮಕ್ಕಳು ಈ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದರು. ಹಳೆಯ ಮನೆತನಗಳಿಗೆ ಇದು ಹಿಡಿಸಲಿಲ್ಲ. 1919ರಲ್ಲಿ ಕೊಲಂಬಿಯ ಹೊಸ ಅರ್ಜಿ ನಮೂನೆಯೊಂದನ್ನು ಜಾರಿಗೆ ತಂದಿತು. ಅದರಲ್ಲಿ ಅಭ್ಯರ್ಥಿಯ ಧರ್ಮ, ತಂದೆಯ ಜನ್ಮಸ್ಥಳ, ತಾಯಿಯ ತವರಿನ ಹೆಸರು, ಭಾವಚಿತ್ರ ಎಲ್ಲವನ್ನೂ ಕೇಳಿದರು, ಸಂದರ್ಶನವನ್ನೂ ಸೇರಿಸಿದರು. 1922ರಲ್ಲಿ ಹಾರ್ವರ್ಡಿನ ಅಧ್ಯಕ್ಷ ಲೊವೆಲ್ ಯೆಹೂದಿಗಳ ಸಂಖ್ಯೆಗೆ ಬಹಿರಂಗವಾಗಿಯೇ ಮಿತಿ ಹಾಕಲು ಹೊರಟರು. ಅಧ್ಯಾಪಕರ ಸಮಿತಿ ಅದನ್ನು ತಿರಸ್ಕರಿಸಿತು. ಆದರೆ 1926ರ ಹೊತ್ತಿಗೆ 'ಶೀಲ', 'ವ್ಯಕ್ತಿತ್ವ' ಎಂಬ ಅಳೆಯಲಾಗದ ಗುಣಗಳ ಹೆಸರಿನಲ್ಲಿ ಅದೇ ಕೆಲಸ ಸದ್ದಿಲ್ಲದೆ ನಡೆಯಿತು. ಇಂದು ನಮ್ಮ ಮಕ್ಕಳು ತುಂಬುವ ಉದ್ದುದ್ದ ಅರ್ಜಿಗಳು, ಶಿಫಾರಸು ಪತ್ರಗಳು, 'ನಿಮ್ಮನ್ನು ಕುರಿತು ಬರೆಯಿರಿ' ಎನ್ನುವ ಪ್ರಬಂಧಗಳು ಇವುಗಳ ಬೇರು ಭಾಗಶಃ ಈ ಕಾಲದಲ್ಲಿದೆ. ಅಂಕವಿಲ್ಲದ ಆಯ್ಕೆ ತಾನಾಗಿಯೇ ಉದಾರವಾದ ಆಯ್ಕೆಯಲ್ಲ ಎಂಬುದನ್ನು ಇಲ್ಲಿಯೇ ಗಮನಿಸಬೇಕು.

ಸ್ಯಾಟ್ ಹುಟ್ಟಿದ ಬಗೆ

ಅಂಕದ ಜನ್ಮವೂ ನಿಷ್ಕಳಂಕವಾದುದಲ್ಲ. ಮೊದಲನೆಯ ಮಹಾಯುದ್ಧಕ್ಕೆ ಅಮೆರಿಕ 1917ರಲ್ಲಿ ಇಳಿದಾಗ, ಮನೋವಿಜ್ಞಾನಿ ರಾಬರ್ಟ್ ಯೆರ್ಕಸ್ ಮತ್ತು ಸಂಗಡಿಗರು ಸೈನ್ಯಕ್ಕೆ ಸೇರಿದವರ ಬುದ್ಧಿಯನ್ನು ಅಳೆಯುವ ಪರೀಕ್ಷೆಗಳನ್ನು ರಚಿಸಿ, ಸುಮಾರು 17 ಲಕ್ಷ ಸೈನಿಕರಿಗೆ ಕೊಟ್ಟರು. ಆ ತಂಡದಲ್ಲಿದ್ದ ಪ್ರಿನ್ಸ್‌ಟನ್ನಿನ ಕಾರ್ಲ್ ಬ್ರಿಗಮ್ ಆ ಅಂಕಿಅಂಶಗಳನ್ನು ಆಧರಿಸಿ 1923ರಲ್ಲಿ ಪುಸ್ತಕವೊಂದನ್ನು ಬರೆದರು. ದಕ್ಷಿಣ ಮತ್ತು ಪೂರ್ವ ಯುರೋಪಿನಿಂದ ಬಂದವರೂ ಕರಿಯರೂ ಬುದ್ಧಿಯಲ್ಲಿ ಕೆಳಗಿನವರೆಂಬುದು ಅದರ ವಾದವಾಗಿತ್ತು. ಅದು ಆ ಕಾಲದ ಗಾಳಿ. ಮರುವರ್ಷವೇ ಬಂದ ವಲಸೆ ಕಾಯಿದೆ ಅಂಥವರ ಪ್ರವೇಶವನ್ನು ಬಿಗಿಗೊಳಿಸಿತು. ಭಾರತೀಯರಿಗಂತೂ ವಲಸೆಯ ಬಾಗಿಲನ್ನೇ ಮುಚ್ಚಿತು.

ಕಾಲೇಜ್ ಬೋರ್ಡ್ ಹೊಸ ಮಾದರಿಯ ಪರೀಕ್ಷೆಯನ್ನು ರಚಿಸಲು ಇದೇ ಬ್ರಿಗಮ್ ಅವರನ್ನು ಕರೆಯಿತು. 1926ರ ಜೂನ್ 23ರಂದು ಸುಮಾರು 8,000 ಅಭ್ಯರ್ಥಿಗಳು ಮೊತ್ತಮೊದಲ 'ಸ್ಕೊಲಾಸ್ಟಿಕ್ ಆಪ್ಟಿಟ್ಯೂಡ್ ಟೆಸ್ಟ್' ಬರೆದರು. ಪ್ರಶ್ನೆಗಳು 315; ಕಾಲ 97 ನಿಮಿಷ. ಒಂದು ಪ್ರಶ್ನೆಗೆ ಇಪ್ಪತ್ತು ಸೆಕೆಂಡೂ ಸಿಗದು! ಆದರೆ ಬ್ರಿಗಮ್ ಅವರ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಇಂಗ್ಲಿಷ್ ಬಾರದ ಮನೆಯಿಂದ ಬಂದವನಿಗೆ ಇಂಗ್ಲಿಷಿನಲ್ಲಿ ಪರೀಕ್ಷೆ ಕೊಟ್ಟು ಅವನ ಕುಲಕ್ಕೆ ಬುದ್ಧಿಯಿಲ್ಲವೆನ್ನುವುದು ಅಸಂಬದ್ಧವೆಂದು ಅವರಿಗೆ ಮನವರಿಕೆಯಾಯಿತು. 1930ರಲ್ಲಿ ತಮ್ಮ ಹಿಂದಿನ ತೀರ್ಮಾನಗಳಿಗೆ ಆಧಾರವಿಲ್ಲವೆಂದು ಅಚ್ಚಿನಲ್ಲಿಯೇ ಒಪ್ಪಿಕೊಂಡರು. ಪರೀಕ್ಷೆ ಮಾಡುವವರೇ ಪರೀಕ್ಷೆಯ ಮಾರಾಟಕ್ಕೆ ನಿಂತರೆ ಸಂಶೋಧನೆ ಕೆಡುತ್ತದೆಂದು ಭಾವಿಸಿ, ಎಲ್ಲ ಪರೀಕ್ಷೆಗಳಿಗೂ ಒಂದೇ ದೊಡ್ಡ ಸಂಸ್ಥೆ ಬೇಡವೆಂದು ವಿರೋಧಿಸಿದರು. 1943ರಲ್ಲಿ ಅವರು ತೀರಿಕೊಂಡರು. 1947ರ ಕೊನೆಯಲ್ಲಿ ಅಂಥ ಸಂಸ್ಥೆ ಅಸ್ತಿತ್ವಕ್ಕೆ ಬಂದೇ ಬಂದಿತು. ಅದೇ ಪ್ರಿನ್ಸ್‌ಟನ್ನಿನ ಎಜುಕೇಶನಲ್ ಟೆಸ್ಟಿಂಗ್ ಸರ್ವಿಸ್.

ದೂರದ ಹುಡುಗನನ್ನು ಹುಡುಕಿದ ಪರೀಕ್ಷೆ

ಈ ಪರೀಕ್ಷೆಗೆ ಬೇರೊಂದು ಅರ್ಥ ತಂದುಕೊಟ್ಟವರು ಹಾರ್ವರ್ಡಿನ ಅಧ್ಯಕ್ಷ ಜೇಮ್ಸ್ ಬ್ರಯಂಟ್ ಕೊನಂಟ್. 1933ರಲ್ಲಿ ಅಧಿಕಾರ ವಹಿಸಿಕೊಂಡ ಅವರು ರಸಾಯನಶಾಸ್ತ್ರಜ್ಞರು. ಹಾರ್ವರ್ಡಿಗೆ ಬರುವವರು ಹೆಚ್ಚಾಗಿ ಪೂರ್ವ ತೀರದ ಕೆಲವೇ ಶ್ರೀಮಂತ ಶಾಲೆಗಳವರು ಎಂಬುದು ಅವರ ಚಿಂತೆಯಾಗಿತ್ತು. ಮಧ್ಯಪಶ್ಚಿಮದ ಸಾಮಾನ್ಯ ಶಾಲೆಗಳ ಜಾಣ ಹುಡುಗರನ್ನು ಪೂರ್ಣ ವಿದ್ಯಾರ್ಥಿವೇತನ ಕೊಟ್ಟು ತರಲು 1934ರಲ್ಲಿ ಯೋಜನೆಯೊಂದನ್ನು ಪ್ರಾರಂಭಿಸಿದರು. ಆದರೆ ಹೆಸರೇ ಕೇಳದ ಶಾಲೆಯ ಹುಡುಗನ ಯೋಗ್ಯತೆಯನ್ನು ತಿಳಿಯುವುದು ಹೇಗೆ? ಆ ಶಾಲೆಯ ಮೊದಲನೆಯ ರ್‍ಯಾಂಕಿಗೆ ಬೆಲೆ ಎಷ್ಟು? ಇದಕ್ಕೆ ಉಪಾಯ ಹುಡುಕುವ ಕೆಲಸವನ್ನು ಸಹಾಯಕ ಡೀನರಾಗಿದ್ದ ಹೆನ್ರಿ ಚಾನ್ಸಿ ಅವರಿಗೆ ಒಪ್ಪಿಸಿದರು. ಚಾನ್ಸಿ ಹೋಗಿ ಬ್ರಿಗಮ್ ಅವರನ್ನು ಕಂಡರು. ಸ್ಯಾಟ್ ಹಾರ್ವರ್ಡಿಗೆ ಬಂದದ್ದು ಹೀಗೆ.

ಆ ಯೋಜನೆಯಲ್ಲಿ 1935ರಲ್ಲಿ ಬಂದ ಹುಡುಗರಲ್ಲಿ ಇಲಿನಾಯ್ ರಾಜ್ಯದ ಜೇಮ್ಸ್ ಟೋಬಿನ್ ಒಬ್ಬ. ತನ್ನ ಊರಿನ ವಿಶ್ವವಿದ್ಯಾನಿಲಯಕ್ಕೇ ಸೇರುವುದೆಂದು ಅವನು ಎಣಿಸಿದ್ದ. ತಂದೆ ಹೊಸ ವಿದ್ಯಾರ್ಥಿವೇತನದ ಸುದ್ದಿ ತಿಳಿದು ಪರೀಕ್ಷೆ ಬರೆಯಲು ಹೇಳಿದರು. ವಿಶೇಷ ಸಿದ್ಧತೆಯೇನೂ ಇಲ್ಲದೆ ಬರೆದ, ಆಯ್ಕೆಯಾದ. 1981ರ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದವರು ಇದೇ ಟೋಬಿನ್. ಎಲ್ಲರೂ ಟೋಬಿನ್ ಆಗುವುದಿಲ್ಲ, ನಿಜ. ಆದರೆ ದೂರದಲ್ಲಿ ಕುಳಿತ, ಯಾರ ಪರಿಚಯವೂ ಇಲ್ಲದ ಹುಡುಗನ ಪರವಾಗಿ ಒಂದು ಸಂಖ್ಯೆ ಮಾತನಾಡಬಲ್ಲುದು ಎಂಬುದಕ್ಕೆ ಅವರು ಸಾಕ್ಷಿ. ಯುದ್ಧದ ಕಾರಣದಿಂದ 1942ರಲ್ಲಿ ಕಾಲೇಜ್ ಬೋರ್ಡಿನ ಹಳೆಯ ಪ್ರಬಂಧ ಪರೀಕ್ಷೆಗಳು ನಿಂತುಹೋದವು. ಸ್ಯಾಟ್ ಉಳಿದು ಬೆಳೆಯಿತು.

ನಮ್ಮ ಮನೆಯಲ್ಲಿಯೂ ನಡೆದ ವಾದ

ಇದೇ ವಾದ ನಮ್ಮ ನಾಡಿನಲ್ಲಿಯೂ, ನೌಕರಿಯ ಪ್ರವೇಶದ ವಿಷಯದಲ್ಲಿ, ಅಮೆರಿಕಕ್ಕಿಂತ ಮುಂಚೆಯೇ ನಡೆದಿತ್ತು ಎಂಬುದನ್ನು ನಮ್ಮವರು ಮರೆಯುವಂತಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಡೈರೆಕ್ಟರುಗಳ ಕೃಪೆಯಿಂದ ದೊರೆಯುತ್ತಿದ್ದ ಸಿವಿಲ್ ಸರ್ವಿಸ್ ಹುದ್ದೆಗಳು 1853ರ ಸನದಿನಂತೆ ಸ್ಪರ್ಧೆಗೆ ತೆರೆದವು. 1855ರಲ್ಲಿ ಲಂಡನ್ನಿನಲ್ಲಿ ಮೊದಲ ಪರೀಕ್ಷೆ ನಡೆಯಿತು. 1863ರಲ್ಲಿ ಸತ್ಯೇಂದ್ರನಾಥ ಠಾಕೂರರು ಅದರಲ್ಲಿ ತೇರ್ಗಡೆಯಾದ ಮೊದಲ ಭಾರತೀಯರಾದರು. ಶಿಫಾರಸು ಬೇಕಿಲ್ಲ, ಅಂಕ ಸಾಕು ಎಂಬುದು ದೊಡ್ಡ ಕ್ರಾಂತಿಯೇ. ಆದರೆ ಸಮುದ್ರ ದಾಟಿ ಹೋಗಿ ಬರೆಯಬೇಕು. 1878ರಲ್ಲಿ ವಯೋಮಿತಿಯನ್ನು 19ಕ್ಕೆ ಇಳಿಸಿದ ಮೇಲಂತೂ ಭಾರತೀಯ ಹುಡುಗರಿಗೆ ಅದು ಕನ್ನಡಿಯೊಳಗಿನ ಗಂಟಾಯಿತು. ಭಾರತದ ನೆಲದಲ್ಲಿ ಆ ಪರೀಕ್ಷೆ ನಡೆಯಲು 1922ರವರೆಗೆ ಕಾಯಬೇಕಾಯಿತು.

ಮೈಸೂರು ಸಂಸ್ಥಾನದಲ್ಲಿ ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದ ಕಾಲದಲ್ಲಿ (1883-1901) ಮೈಸೂರು ಸಿವಿಲ್ ಸರ್ವಿಸ್‌ಗೆ ಸ್ಪರ್ಧಾ ಪರೀಕ್ಷೆ ಬಂದಿತು. ನಮ್ಮ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಅಧಿಕಾರಿಯಾದದ್ದು ಅಂಥ ಪರೀಕ್ಷೆಯ ಮೂಲಕವೇ; ಬಡತನದಲ್ಲಿ ಓದಿದ ಹುಡುಗನಿಗೆ ಅದು ತೆರೆದ ಬಾಗಿಲಾಯಿತು. ಆದರೆ ಅದೇ ಬಾಗಿಲು ಬೇರೆಯವರಿಗೆ ಮುಚ್ಚಿದಂತೆಯೇ ಕಂಡಿತು. ತಲೆತಲಾಂತರದಿಂದ ಅಕ್ಷರವಿದ್ದ ಮನೆಗಳವರೇ ಹುದ್ದೆಗಳನ್ನು ತುಂಬುತ್ತಿದ್ದಾರೆ, ಉಳಿದ ಜನಾಂಗಗಳಿಗೆ ಶಾಲೆಯೇ ಹೊಸದಾಗಿರುವಾಗ ಇದು ಯಾವ ಸ್ಪರ್ಧೆ ಎಂದು ಪ್ರಜಾಮಿತ್ರ ಮಂಡಲಿಯವರು ಮಹಾರಾಜರಲ್ಲಿ ಅಹವಾಲು ಮಾಡಿದರು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. 1919ರ ವರದಿ, ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟೂ ಕೆಳಗಿನವುಗಳಲ್ಲಿ ಮೂರನೆಯ ಎರಡು ಪಾಲೂ ಬ್ರಾಹ್ಮಣೇತರರಿಗೆ ದೊರೆಯುವಂತೆ ಆಗಬೇಕೆಂದಿತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಿರಲಿಲ್ಲ; ಅವರು 1918ರ ಕೊನೆಯಲ್ಲಿ ಹುದ್ದೆ ಬಿಟ್ಟರು. ಇಬ್ಬರ ಮಾತಿನಲ್ಲೂ ಸತ್ಯವಿತ್ತು. ಪರೀಕ್ಷೆ ಶಿಫಾರಸನ್ನು ಸೋಲಿಸುತ್ತದೆ. ಆದರೆ ಪರೀಕ್ಷೆಯ ಮೆಟ್ಟಿಲವರೆಗೆ ಬರುವ ದಾರಿ ಎಲ್ಲರಿಗೂ ಒಂದೇ ಅಲ್ಲ. ಅಮೆರಿಕದವರು ಐವತ್ತು ವರ್ಷಗಳ ಮೇಲೆ ಎದುರಿಸಿದ ಪ್ರಶ್ನೆಯೂ ಇದೇ.

'ಬೇಕಿದ್ದರೆ ಕಳಿಸಿ' ಎಂದವರು

ಯುದ್ಧಾನಂತರದ ಅಮೆರಿಕದಲ್ಲಿ ಸ್ಯಾಟ್ ಮನೆಮಾತಾಯಿತು. 1959ರಲ್ಲಿ ಅಯೋವದ ಪ್ರಾಧ್ಯಾಪಕ ಇ. ಎಫ್. ಲಿಂಡ್‌ಕ್ವಿಸ್ಟ್ ಅವರ ನೇತೃತ್ವದಲ್ಲಿ ಎ.ಸಿ.ಟಿ. ಎಂಬ ಎದುರಾಳಿ ಹುಟ್ಟಿತು. 1968ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯವು ಸ್ಯಾಟ್ ಅನ್ನು ಕಡ್ಡಾಯಗೊಳಿಸಿತು. ಪರೀಕ್ಷೆಯ ಹಿಂದೆಯೇ ಕೋಚಿಂಗ್ ಕೂಡ ಬೆಳೆಯಿತು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ತಂದೆತಾಯಿಯರ ಮನೆಯ ನೆಲಮಾಳಿಗೆಯಲ್ಲಿ 1938ರಲ್ಲಿ ಪಾಠ ಹೇಳಲು ತೊಡಗಿದ ಸ್ಟ್ಯಾನ್ಲಿ ಕಾಪ್ಲನ್, 1946ರಿಂದ ಸ್ಯಾಟ್‌ಗೆ ಹುಡುಗರನ್ನು ತಯಾರುಮಾಡಿ ದೊಡ್ಡ ಉದ್ಯಮವನ್ನೇ ಕಟ್ಟಿದರು. ಈ ಪರೀಕ್ಷೆಗೆ ಓದಿ ಪ್ರಯೋಜನವಿಲ್ಲ, ಇದು ಸಹಜ ಸಾಮರ್ಥ್ಯದ ಅಳತೆ ಎಂದು ಬೋರ್ಡಿನವರು ಹೇಳುತ್ತಲೇ ಇದ್ದರು. ಕಾಪ್ಲನ್ ತರಗತಿಗಳು ತುಂಬುತ್ತಲೇ ಇದ್ದವು. ಸ್ವಾರಸ್ಯವೆಂದರೆ ಕಾಪ್ಲನ್ ಪರೀಕ್ಷೆಯ ವಿರೋಧಿಯಲ್ಲ. ಯೆಹೂದಿಯಾಗಿ, ಬಡವರ ಕಾಲೇಜಿನಲ್ಲಿ ಓದಿದ ಕಾರಣಕ್ಕೆ ತಮಗೆ ವೈದ್ಯಕೀಯ ಸೀಟು ಸಿಗಲಿಲ್ಲ, ಆಗ ಸಾಮಾನ್ಯ ಪರೀಕ್ಷೆಯೊಂದಿದ್ದರೆ ತಮ್ಮ ಯೋಗ್ಯತೆ ತೋರಿಸಬಹುದಿತ್ತು ಎಂಬುದು ಅವರ ನಂಬಿಕೆಯಾಗಿತ್ತು.

ಕೋಚಿಂಗಿಗೆ ಹಣವುಳ್ಳವನ ಅಂಕ ಏರುವುದು, ಇಲ್ಲದವನದು ನಿಲ್ಲುವುದು ಕಣ್ಣಿಗೆ ಕಾಣುತ್ತಿದ್ದಾಗ, 1969ರಲ್ಲಿ ಮೇನ್ ರಾಜ್ಯದ ಬೌಡನ್ ಕಾಲೇಜು ಧೈರ್ಯದ ಹೆಜ್ಜೆಯಿಟ್ಟಿತು. ಅಂಕ ಕಳಿಸುವುದು ಬಿಡುವುದು ಅಭ್ಯರ್ಥಿಯ ಇಚ್ಛೆ ಎಂದಿತು. ಅದೇ ರಾಜ್ಯದ ಬೇಟ್ಸ್ ಕಾಲೇಜು 1984ರಲ್ಲಿ ಸ್ಯಾಟ್ ಅನ್ನು ಐಚ್ಛಿಕಗೊಳಿಸಿತು. ಬೇಟ್ಸ್ ಮಾಡಿದ ಒಳ್ಳೆಯ ಕೆಲಸವೆಂದರೆ ಲೆಕ್ಕ ಇಟ್ಟದ್ದು. ಇಪ್ಪತ್ತು ವರ್ಷಗಳ ಮೇಲೆ, 2004ರಲ್ಲಿ, ಅಂಕ ಕಳಿಸಿದವರನ್ನೂ ಕಳಿಸದವರನ್ನೂ ಹೋಲಿಸಿ ನೋಡಿದಾಗ ಪದವಿ ಮುಗಿಸಿದವರ ಪ್ರಮಾಣದಲ್ಲಿ ವ್ಯತ್ಯಾಸ ಶೇಕಡ 0.1, ತರಗತಿಯ ಸರಾಸರಿ ದರ್ಜೆಯಲ್ಲಿ 0.05. ಅಂದರೆ ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಆದರೆ ಒಂದು ಮಾತನ್ನು ನೆನಪಿಡಬೇಕು. ಬೇಟ್ಸ್ ಒಂದು ಸಣ್ಣ ಕಾಲೇಜು. ಅಲ್ಲಿ ಒಂದೊಂದು ಅರ್ಜಿಯನ್ನೂ ಕೂತು ಓದುವ ವ್ಯವಧಾನವಿತ್ತು. 2018ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯವೂ ಈ ದಾರಿ ಹಿಡಿದಾಗ ದೊಡ್ಡ ಹೆಸರಿನ ಸಂಸ್ಥೆಗಳೂ ಕಿವಿ ನಿಮಿರಿಸಿದವು.

2020 ಮತ್ತು ಆಮೇಲೆ

ಎಲ್ಲವನ್ನೂ ತಲೆಕೆಳಗು ಮಾಡಿದ್ದು ಕೋವಿಡ್. 2020ರ ವಸಂತದಲ್ಲಿ ಪರೀಕ್ಷಾ ಕೇಂದ್ರಗಳು ಮುಚ್ಚಿದವು. ಆ ವರ್ಷ ಶಾಲೆ ಮುಗಿಸಿದವರಲ್ಲಿ ಸುಮಾರು 22 ಲಕ್ಷ ಮಂದಿ ಸ್ಯಾಟ್ ಬರೆದಿದ್ದರೆ, ಮುಂದಿನ ವರ್ಷದವರಲ್ಲಿ ಬರೆದವರು ಸುಮಾರು 15 ಲಕ್ಷ. ಬರೆಯಲು ಜಾಗವೇ ಇಲ್ಲದಾಗ ಅಂಕ ಕೇಳುವುದು ಹೇಗೆ? ಐವತ್ತು ವರ್ಷಗಳಲ್ಲಿ ನಿಧಾನವಾಗಿ ಹರಡಿದ್ದ ಐಚ್ಛಿಕ ಪದ್ಧತಿ ಕೆಲವೇ ತಿಂಗಳುಗಳಲ್ಲಿ ಹೆಚ್ಚುಕಡಿಮೆ ಎಲ್ಲ ಹೆಸರಾಂತ ಕಾಲೇಜುಗಳಿಗೂ ಬಂದಿತು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯ ಇನ್ನೂ ಮುಂದೆ ಹೋಯಿತು. ಅಂಕ ಉಪಯುಕ್ತವೆಂದು ಅದರ ಅಧ್ಯಾಪಕರ ಸಮಿತಿಯೇ ವರದಿ ಕೊಟ್ಟಿದ್ದರೂ, ಆಡಳಿತ ಮಂಡಳಿ 2020ರ ಮೇ ತಿಂಗಳಲ್ಲಿ ಅದನ್ನು ಬಿಡುವ ತೀರ್ಮಾನ ಮಾಡಿತು. 2021ರ ಒಪ್ಪಂದವೊಂದರ ತರುವಾಯ, ಕಳಿಸಿದರೂ ಪ್ರವೇಶದ ವಿಚಾರದಲ್ಲಿ ನೋಡುವುದಿಲ್ಲ ಎಂಬಲ್ಲಿಗೆ ಬಂದು ನಿಂತಿತು.

ಆಮೇಲೆ ಗಾಳಿ ತಿರುಗಿತು. 2022ರ ಮಾರ್ಚಿಯಲ್ಲಿ ಎಂ.ಐ.ಟಿ. ಪರೀಕ್ಷೆಯನ್ನು ಮತ್ತೆ ಕಡ್ಡಾಯಮಾಡಿತು. ಮೇಲ್ಮಟ್ಟದ ಗಣಿತ ಕಲಿಸದ ಶಾಲೆಗಳಲ್ಲಿ ಓದಿದ ಬಡ ಮಕ್ಕಳಲ್ಲಿ ಯಾರು ಸಿದ್ಧರಿದ್ದಾರೆಂದು ಗುರುತಿಸಲು ಅಂಕ ನೆರವಾಗುತ್ತದೆ ಎಂಬುದು ಅವರು ಕೊಟ್ಟ ಕಾರಣ. 2024ರಲ್ಲಿ ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ ಒಂದರ ಹಿಂದೊಂದು ಅಂಕ ಬೇಕೆಂದು ಪ್ರಕಟಿಸಿದವು. ಯೇಲ್ ಮಾತ್ರ ಸ್ಯಾಟ್ ಬದಲು ಎ.ಪಿ. ಅಥವಾ ಐ.ಬಿ. ಪರೀಕ್ಷೆಗಳ ಅಂಕವಾದರೂ ಆದೀತು ಎಂದಿತು. ಇತ್ತ ಕೊಲಂಬಿಯ 2023ರಲ್ಲಿ ಐಚ್ಛಿಕ ಪದ್ಧತಿಯನ್ನೇ ಮುಂದುವರಿಸುವುದಾಗಿ ಸಾರಿತ್ತು.

ಇವುಗಳಲ್ಲಿ ಡಾರ್ಟ್‌ಮತ್ ಕಾಲೇಜಿನ ಕಥೆ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಅಲ್ಲಿಯ ಪ್ರಾಧ್ಯಾಪಕರು ಅಂಕ ಕಳಿಸದೆ ಅರ್ಜಿ ಹಾಕಿದ್ದವರ ಅಂಕಗಳನ್ನು ನಂತರ ತೆಗೆದು ನೋಡಿದರು. ಸಾಮಾನ್ಯ ಶಾಲೆಗಳಿಂದ ಬಂದ, ಅನುಕೂಲ ಕಡಿಮೆಯಿದ್ದ ಎಷ್ಟೋ ಮಕ್ಕಳು 1400ರ ಮೇಲಿನ ಅಂಕವನ್ನು ಮುಚ್ಚಿಟ್ಟಿದ್ದರು. ಕಾಲೇಜಿನ ಸರಾಸರಿಗಿಂತ ತಮ್ಮದು ಕಡಿಮೆ ಎಂದು ಅವರು ಹೆದರಿದ್ದರು. ಆದರೆ ಪ್ರವೇಶಾಧಿಕಾರಿಗಳು ನೋಡುತ್ತಿದ್ದುದು ಆ ಮಗುವಿನ ಶಾಲೆಯ ಹಿನ್ನೆಲೆಯಲ್ಲಿ. ತನ್ನ ಶಾಲೆಯ ಸರಾಸರಿ ಸಾವಿರದ ಆಸುಪಾಸಿನಲ್ಲಿರುವಾಗ 1400 ತೆಗೆದವನು ಅವರ ಕಣ್ಣಿಗೆ ಅಸಾಮಾನ್ಯನೇ. ಅಂಥ ಕೆಲವು ಮಕ್ಕಳು ಅಂಕ ಕಳಿಸಿದ್ದರೆ ಅವರ ಪ್ರವೇಶದ ಸಂಭವ ಮೂರು ಪಟ್ಟಿಗಿಂತ ಹೆಚ್ಚಾಗುತ್ತಿತ್ತೆಂದು ಅಧ್ಯಯನ ಲೆಕ್ಕ ಹಾಕಿತು. ಅವರಿಗೆ ಉಪಕಾರವಾಗಲೆಂದು ತಂದ ಸ್ವಾತಂತ್ರ್ಯವೇ ಅವರಿಗೆ ಮುಳುವಾಗಿತ್ತು. ಹೇಳಿಕೊಡುವವರಿದ್ದ ಮಕ್ಕಳು ಸರಿಯಾಗಿ ಲೆಕ್ಕ ಹಾಕಿದರು. ಹೇಳಿಕೊಡುವವರಿಲ್ಲದವರು ಸಂಕೋಚದಿಂದ ಸುಮ್ಮನಾದರು.

ಪ್ರಕಟವಾದ ಅಂಕದ ಒಗಟು

ಹೆದರಿಕೆಗೆ ಮೂಲವಾದ ಆ ಸರಾಸರಿಯನ್ನು ಸ್ವಲ್ಪ ಬಿಡಿಸಿ ನೋಡೋಣ. ಕಾಲೇಜುಗಳು ಸಾಮಾನ್ಯವಾಗಿ ಪ್ರಕಟಿಸುವುದು ಸೇರಿದ ವಿದ್ಯಾರ್ಥಿಗಳಲ್ಲಿ ನಡುವಿನ ಅರ್ಧ ಮಂದಿಯ ಅಂಕಗಳ ವ್ಯಾಪ್ತಿಯನ್ನು. ಒಂದು ಕಾಲೇಜಿಗೆ ಎಂಟೇ ಮಕ್ಕಳು ಸೇರಿದರೆಂದು ಭಾವಿಸಿ. ಅವರ ಅಂಕಗಳು 1280, 1320, 1360, 1400, 1440, 1480, 1520, 1560. ಎಲ್ಲರೂ ಅಂಕ ಕೊಟ್ಟರೆ ನಡುವಿನ ನಾಲ್ವರ ವ್ಯಾಪ್ತಿ 1360ರಿಂದ 1480. ಈಗ ಪರೀಕ್ಷೆ ಐಚ್ಛಿಕವಾಯಿತು. ಕೆಳಗಿನ ನಾಲ್ವರು ಅಂಕ ಕೊಡಲಿಲ್ಲ. ಉಳಿದ ನಾಲ್ವರಲ್ಲಿ ನಡುವಿನ ಇಬ್ಬರ ವ್ಯಾಪ್ತಿ 1480ರಿಂದ 1520! ಮಕ್ಕಳು ಅವರೇ, ಕಾಲೇಜು ಅದೇ. ಸಂಖ್ಯೆ ಮಾತ್ರ ಏರಿತು. ಮುಂದಿನ ವರ್ಷ 1440 ತೆಗೆದವನು ಈ ಸಂಖ್ಯೆ ನೋಡಿ ತನ್ನದನ್ನೂ ಮುಚ್ಚಿಡುತ್ತಾನೆ. ಸಂಖ್ಯೆ ಮತ್ತೂ ಏರುತ್ತದೆ. ಆದುದರಿಂದ 2020ರ ನಂತರದ ವ್ಯಾಪ್ತಿಯನ್ನು ನೋಡುವಾಗ, ಸೇರಿದವರಲ್ಲಿ ಶೇಕಡ ಎಷ್ಟು ಮಂದಿ ಅಂಕ ಕೊಟ್ಟಿದ್ದರು ಎಂಬುದನ್ನೂ ಜೊತೆಗೇ ನೋಡಬೇಕು. ಬಹುಪಾಲು ಕಾಲೇಜುಗಳು ವರ್ಷವರ್ಷವೂ ಹೊರತರುವ 'ಕಾಮನ್ ಡೇಟಾ ಸೆಟ್' ಎಂಬ ಪಟ್ಟಿಯಲ್ಲಿ ಎರಡೂ ಅಕ್ಕಪಕ್ಕದಲ್ಲಿಯೇ ಇರುತ್ತವೆ. ಅರ್ಧ ಮಂದಿ ಮಾತ್ರ ಕೊಟ್ಟಿದ್ದರೆ ಆ ಸಂಖ್ಯೆ ಮೇಲಿನ ಅರ್ಧದವರ ಕಥೆಯೆಂದು ಬಹುಮಟ್ಟಿಗೆ ತಿಳಿಯಬಹುದು.

ಕಚೇರಿಯ ಕಡತಗಳ ನಡುವೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದ ನಮಗೆ ಖಾಲಿ ಬಿಟ್ಟ ಕಾಲಮಿನ ಗುಣ ಚೆನ್ನಾಗಿ ಗೊತ್ತು. ಮೌನಂ ಸಮ್ಮತಿ ಲಕ್ಷಣಂ ಎನ್ನುತ್ತಾರೆ. ಅರ್ಜಿಯಲ್ಲಿ ಮಾತ್ರ ಮೌನಕ್ಕೆ ಓದುವವನು ಕೊಟ್ಟದ್ದೇ ಅರ್ಥ. ಬಿಟ್ಟವರನ್ನು ಕೀಳಾಗಿ ಕಾಣುವುದಿಲ್ಲವೆಂದು ಕಾಲೇಜುಗಳು ಹೇಳುವುದನ್ನು ನಾವು ಸುಳ್ಳೆನ್ನುವುದಿಲ್ಲ; ಬೇಟ್ಸ್ ಅದನ್ನು ನಡೆಸಿ ತೋರಿಸಿದೆ. ಆದರೆ ಒಂದು ಕಾಲಂ ಖಾಲಿಯಾದಾಗ ಉಳಿದ ಕಾಲಂಗಳ ಮೇಲೆ ಭಾರ ಹೆಚ್ಚುತ್ತದೆ. ಆ ಉಳಿದವು ಯಾವುವು? ಶಾಲೆಯ ಹೆಸರು, ಶಿಫಾರಸು ಪತ್ರ, ಪ್ರಬಂಧ, ಹೊರಚಟುವಟಿಕೆ. ಸಲಹೆಗಾರರನ್ನಿಟ್ಟ ಅಂತಾರಾಷ್ಟ್ರೀಯ ಶಾಲೆಯ ಮಗುವಿಗೆ ಇವೆಲ್ಲ ಭದ್ರವಾಗಿರುತ್ತವೆ. ಅಪ್ಪನ ವರ್ಗಾವಣೆಯ ಬೆನ್ನು ಹತ್ತಿ ಮೂರು ಊರು, ಮೂರು ಶಾಲೆ ಕಂಡ ನಮ್ಮಂಥವರ ಮನೆಯ ಮಗುವಿನ ಶಾಲೆಯನ್ನು ಅಮೆರಿಕದ ಅಧಿಕಾರಿ ಕೇಳಿಯೇ ಇರಲಿಕ್ಕಿಲ್ಲ. ಮೇಲಾಗಿ ನಮ್ಮ ಹನ್ನೆರಡನೆಯ ತರಗತಿಯ ಬೋರ್ಡ್ ಫಲಿತಾಂಶ ಬರುವುದು ಬೇಸಿಗೆಯಲ್ಲಿ. ಅಲ್ಲಿನ ಅರ್ಜಿಗಳ ಗಡುವು ಹೆಚ್ಚಾಗಿ ನವೆಂಬರಿನಿಂದ ಜನವರಿಯೊಳಗೆ. ಹತ್ತನೆಯ ತರಗತಿಯ ಅಂಕಪಟ್ಟಿಯ ನಂತರ, ಶಾಲೆಯ ಹೊರಗಿನವರು ಅಳೆದುಕೊಟ್ಟ ಹೊಸ ಪುರಾವೆ ಎಂದರೆ ಎಷ್ಟೋ ಮಕ್ಕಳಿಗೆ ಈ ಸ್ಯಾಟ್ ಒಂದೇ.

ಹಾಗಾದರೆ ಏನು ಮಾಡಬೇಕು?

ಮೊದಲು, ಕಾಲೇಜು ಯಾವ ಬಗೆಯದೆಂದು ಆಯಾ ವರ್ಷದ ಪ್ರಕಟಣೆಯಲ್ಲಿಯೇ ನೋಡಬೇಕು. ಕಡ್ಡಾಯವಾದರೆ ಚರ್ಚೆಯಿಲ್ಲ, ಕ್ಯಾಲಿಫೋರ್ನಿಯದಂತೆ ನೋಡುವುದೇ ಇಲ್ಲವೆಂದರೂ ಚರ್ಚೆಯಿಲ್ಲ. ಐಚ್ಛಿಕವೆಂದಾಗ ಮಾತ್ರ ಮನೆಯವರು ಕೂತು ಯೋಚಿಸಬೇಕು. ಕಳೆದ ವರ್ಷ ಹೋದ ಸೋದರಮಾವನ ಮಗನ ಅನುಭವ ಈ ವರ್ಷಕ್ಕೆ ಸಾಲದು. ನಿಯಮಗಳು ಅಷ್ಟು ಬೇಗ ಬದಲಾಗಿವೆ.

ಎರಡನೆಯದಾಗಿ, ಅಂಕವನ್ನು ಕಾಲೇಜಿನ ವ್ಯಾಪ್ತಿಯೊಡನೆ ಮಾತ್ರವಲ್ಲ, ಮಗು ಓದಿದ ಪರಿಸರದೊಡನೆಯೂ ಹೋಲಿಸಬೇಕು. ವ್ಯಾಪ್ತಿಯ ಒಳಗಿದ್ದರೆ ಕಳಿಸುವುದೇ ಸರಿ. ಸ್ವಲ್ಪ ಕೆಳಗಿದ್ದು, ಶಾಲೆ ಸಾಮಾನ್ಯವಾದುದಾಗಿ, ಮಗು ಆ ಶಾಲೆಯಲ್ಲಿ ಎದ್ದುಕಾಣುವಂತಿದ್ದರೆ ಆಗಲೂ ಕಳಿಸುವುದೇ ಲೇಸೆಂದು ನಮಗೆ ತೋರುತ್ತದೆ. ಗಣಿತದಲ್ಲಿ 800ಕ್ಕೆ 780 ಬಂದು ಇಂಗ್ಲಿಷಿನಲ್ಲಿ ಹಿಂದುಳಿದಿದ್ದರೆ, ಎಂಜಿನಿಯರಿಂಗ್ ಬೇಡುವವನಿಗೆ ಆ 780 ಮುಚ್ಚಿಡುವ ಸಂಗತಿಯಲ್ಲ. ವಿದ್ಯಾರ್ಥಿವೇತನಕ್ಕೆ ಅಂಕ ಬೇಕೇ ಎಂಬುದನ್ನೂ ಬೇರೆಯಾಗಿ ವಿಚಾರಿಸಬೇಕು. ಪ್ರವೇಶಕ್ಕೆ ಐಚ್ಛಿಕವಾದದ್ದು ಹಣಕ್ಕೆ ಕಡ್ಡಾಯವಾಗಿರುವುದುಂಟು.

ಮೂರನೆಯದಾಗಿ, ಬಿಡುವುದೂ ನ್ಯಾಯವಾದ ದಾರಿಯೇ. ವರ್ಷವರ್ಷವೂ ಶಾಲೆಯಲ್ಲಿ ಉತ್ತಮ ಅಂಕ ತೆಗೆದ ಮಗುವಿನ ಸ್ಯಾಟ್ ಅದಕ್ಕೆ ತಾಳೆಯಾಗದಷ್ಟು ಕೆಳಗಿದ್ದರೆ, ಆ ಒಂದು ದಿನದ ಒಂದು ಸಂಖ್ಯೆ ನಾಲ್ಕು ವರ್ಷಗಳ ದುಡಿಮೆಯನ್ನು ಮರೆಮಾಡಲು ಬಿಡಬೇಕಾಗಿಲ್ಲ. ಬೌಡನ್ನಿನವರು ಬಾಗಿಲು ತೆರೆದದ್ದು ಇಂಥವರಿಗಾಗಿಯೇ. ಅದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ಆದರೆ ಬಿಡುವುದು ಲೆಕ್ಕ ಹಾಕಿ ಮಾಡಿದ ತೀರ್ಮಾನವಾಗಿರಬೇಕು, ಪಕ್ಕದ ಮನೆಯ ಹುಡುಗನ 1550 ಕೇಳಿ ಹುಟ್ಟಿದ ಹಿಂಜರಿಕೆಯಾಗಬಾರದು.

ನೂರು ವರ್ಷಗಳ ಈ ಇತಿಹಾಸವನ್ನು ಓದಿದಾಗ ಅಂಕವೂ ಪಕ್ಷಪಾತಕ್ಕೆ ಸಿಕ್ಕಿದ್ದುಂಟು, ಅಂಕವಿಲ್ಲದ ಆಯ್ಕೆಯೂ ಸಿಕ್ಕಿದ್ದುಂಟು ಎಂಬುದು ಗೊತ್ತಾಗುತ್ತದೆ. ಒಂದು ಮಾತ್ರ ಬದಲಾಗಿಲ್ಲ. ಯಾರಿಗೆ ಹೇಳಿಕೊಡುವವರಿದ್ದಾರೋ ಅವರಿಗೆ ಯಾವ ನಿಯಮವಾದರೂ ಒಗ್ಗುತ್ತದೆ. ಇಲ್ಲದವರಿಗೆ ಒಳ್ಳೆಯ ನಿಯಮವೂ ಬಲೆಯಾಗಬಹುದು. ಡಾರ್ಟ್‌ಮತ್‌ನ ಆ ಮಕ್ಕಳಿಗೆ ಬುದ್ಧಿ ಕಡಿಮೆಯಿರಲಿಲ್ಲ, ತಿಳಿದವರೊಬ್ಬರ ಒಂದು ಮಾತು ಕಡಿಮೆಯಿತ್ತು. ನಮ್ಮ ಸಂಘದಲ್ಲಿ ಈ ಹಾದಿಯನ್ನು ದಾಟಿ ಮಕ್ಕಳನ್ನು ಕಳಿಸಿದ ತಾಯಿತಂದೆಯರು ಹಲವರಿದ್ದಾರೆ. ವಾರ್ಷಿಕೋತ್ಸವದ ನಾಟಕ, ಹಬ್ಬದೂಟಗಳ ನಡುವೆ ಒಂದು ಭಾನುವಾರದ ಎರಡು ಗಂಟೆಯನ್ನು ಅವರು ಹೊಸಬರಿಗಾಗಿ ಮೀಸಲಿಟ್ಟರೆ, ಸಾವಿರಾರು ರೂಪಾಯಿ ಪಡೆಯುವ ಸಲಹೆಗಾರರು ಹೇಳುವುದರ ಬಹುಪಾಲು ಪುಕ್ಕಟೆಯಾಗಿ ದೊರೆಯುತ್ತದೆ. ಅರ್ಜಿಯ ಗಡುವುಗಳು ನವೆಂಬರಿನಲ್ಲಿಯೇ ಆರಂಭವಾಗುವುದರಿಂದ ಆ ಭಾನುವಾರ ದಸರೆಗೆ ಮುಂಚೆಯೇ ಬರುವುದು ಒಳ್ಳೆಯದು.